ಛತ್ರಿಯ ಬುಡದ ಗುಂಡಿಗಳು

ನವೆಂಬರ್ ೨, ಭಾನುವಾರ

ಭಾನುವಾರ ಊಟವಾದ ಮೇಲೆ ತಂಗಿಗೆ ಕಾಗದ ಬರೆಯುವುದು ಎಷ್ಟೋ ವರ್ಷದ ರೂಢಿ. ಇವತ್ತೂ ಕೈ ತಾನಾಗಿಯೇ ಪೆನ್ನು ಹುಡುಕಿತು. ಆದರೆ ಬರೆಯುವುದು ಯಾರಿಗೆ? ಅವಳು ನನ್ನ ಬೆನ್ನ ಹಿಂದೆಯೇ ದಿಂಬುಗಳಿಗೆ ಒರಗಿ ಸಣ್ಣಗೆ ಗೊರಕೆ ಹೊಡೆಯುತ್ತಿದ್ದಾಳೆ. ಅದಕ್ಕೇ ಈ ಪುಸ್ತಕ. ಅಂಚೆಚೀಟಿ ಬೇಡ, ಉತ್ತರಕ್ಕೆ ಕಾಯುವುದು ಬೇಡ, ಕಾಗುಣಿತ ತಪ್ಪಿದೆ ಎಂದು ಅವಳು ಹಂಗಿಸುವ ಭಯವೂ ಇಲ್ಲ. ಅವಳು ಶಾಲೆಯಲ್ಲಿ ಓದಿದವಳು. ನಾನು ಅಕ್ಷರ ಕಲಿತದ್ದು ಗಿರಾಕಿಗಳು ಬಟ್ಟೆ ಸುತ್ತಿ ತರುತ್ತಿದ್ದ ಹಳೆಯ ಪೇಪರುಗಳಿಂದ.

ನಿನ್ನೆ ಅವಳನ್ನು ಆಸ್ಪತ್ರೆಯಿಂದ ನೇರವಾಗಿ ಇಲ್ಲಿಗೇ ಕರೆತಂದೆ. ನ್ಯುಮೋನಿಯಾ. ಹೊರಡುವಾಗ ಡಾಕ್ಟರಮ್ಮ ನನ್ನನ್ನು ಬಾಗಿಲ ಮರೆಗೆ ಕರೆದರು. "ಶ್ವಾಸಕೋಶ ಒಂದು ಸಲ ಸೋತಿದೆ. ಇನ್ನೊಂದು ಸಲ ಸೋತರೆ ತಡೆಯುತ್ತೆ ಅಂತ ನಾನು ಮಾತು ಕೊಡಲ್ಲ. ಒಳ್ಳೆ ಗಾಳಿ, ಒಳ್ಳೆ ನಿದ್ದೆ, ಅಷ್ಟು ನೋಡ್ಕೊಳ್ಳಿ." ಇದನ್ನು ತಂಗಿಗೆ ಹೇಳಿಲ್ಲ. ನನ್ನ ಹೊಟ್ಟೆಯಲ್ಲೇ ಇಟ್ಟುಕೊಂಡಿದ್ದೇನೆ.

ಅವಳ ಕೆಲಸವೇ ಉಸಿರಿನದು. ಬಸ್ ನಿಲ್ದಾಣದಲ್ಲಿ ಮೈಕಿನ ಹಿಂದೆ ಕೂತು ಬಸ್ಸು ಬರುವುದನ್ನೂ ಹೊರಡುವುದನ್ನೂ ಕೂಗುವವಳು. ಚಿಕ್ಕಂದಿನಲ್ಲೂ ಹಾಗೇ, ಅತ್ತರೆ ಮೂರು ಬೀದಿಗೆ ಕೇಳಬೇಕು. ಅದಕ್ಕೇ ಮನೆಯವರೆಲ್ಲ ತುತ್ತೂರಿ ಎಂದು ಹೆಸರಿಟ್ಟೆವು. ಇವತ್ತು ಸೂಪು ತಂದಿಟ್ಟ ಕೂಡಲೇ ಮೈಕಿನ ದನಿ ತೆಗೆದಳು.

"ಪ್ರಯಾಣಿಕರ ಗಮನಕ್ಕೆ. ಅಡುಗೆಮನೆಯಿಂದ ಹೊರಟ ಸೂಪು, ಉಪ್ಪನ್ನು ದಾರಿಯಲ್ಲೇ ಇಳಿಸಿ, ಒಂದನೇ ಅಂಕಣಕ್ಕೆ ಬಂದು ಸೇರಿದೆ."

ಮಧ್ಯೆ ಕೆಮ್ಮು ಬಂತು. ಆದರೂ ದನಿ ದನಿಯೇ. ಹೊಸ ವರ್ಷಕ್ಕೆ ಮತ್ತೆ ಮೈಕಿನ ಮುಂದೆ ಕೂರಬೇಕು ಎನ್ನುವುದೊಂದೇ ಅವಳ ಹಟ. ಕೂರಲಿ. ಅಲ್ಲಿಯತನಕ ನನ್ನ ಮನೆಯಲ್ಲಿ, ನನ್ನ ಕಣ್ಣ ಮುಂದೆ.

ನವೆಂಬರ್ ೪, ಮಂಗಳವಾರ

ತುತ್ತೂರಿಯ ಗಾಜಿನ ತೊಟ್ಟಿ ಬಂತು. ಊರಿನ ಆ ತುದಿಯ ಅವಳ ಬಾಡಿಗೆ ಕೋಣೆಯಲ್ಲಿ ಕೇಳುವವರಿಲ್ಲದೆ ಸೊರಗಿತ್ತಂತೆ. ಅವಳಿಗೆ ಅದನ್ನು ಮಾರಿದ್ದ ಸಾಕುಮೀನಿನಂಗಡಿಯವನೂ ಕೆಳಮನೆಯ ಡ್ರೈವರೂ ಸೇರಿ ಮೆಟ್ಟಿಲು ಹತ್ತಿಸಿ ತಂದಿಟ್ಟರು. ನನ್ನ ಮನೆ ಎಂದರೆ ಒಂದು ದೊಡ್ಡ ಕೋಣೆ, ಹಿಂದೊಂದು ಅಡುಗೆಮನೆ. ದೊಡ್ಡ ಕೋಣೆಯಲ್ಲೇ ಹೊಲಿಗೆ ಮಿಷನ್ನು, ಬಟ್ಟೆ ಕತ್ತರಿಸುವ ಮೇಜು, ಇಸ್ತ್ರಿ ಮೇಜು, ಈಗ ಅವಳ ಮಂಚ. ತೊಟ್ಟಿಗೆ ಜಾಗ ಸಿಕ್ಕಿದ್ದು ಮಂಚಕ್ಕೂ ಇಸ್ತ್ರಿ ಮೇಜಿಗೂ ನಡುವೆ.

ತೊಟ್ಟಿಯಲ್ಲಿ ಮೀನು ಒಂದೂ ಇಲ್ಲ. ಉಪ್ಪು ನೀರು, ಗಾಜಿಗೆ ಅಂಟಿದ ಕೆಲವು ಬಸವನಹುಳು, ಒಂದು ಕಲ್ಲು. ಕಲ್ಲಿನ ನೆತ್ತಿಯ ಮೇಲೆ ತೊಗಲಿನ ಬಣ್ಣದ, ಅಣಬೆಯಂಥ ಒಂದು ವಸ್ತು. ಹವಳವಂತೆ! ಹವಳ ಎಂದರೆ ಸರದಲ್ಲಿ ಪೋಣಿಸುವ ಕೆಂಪು ಮಣಿ ಎಂದುಕೊಂಡಿದ್ದೆ.

"ಅದು ಗಟ್ಟಿ ಹವಳ ಅಮ್ಮ. ಇದು ಮೆದು ಹವಳ. ಮೂಳೆ ಇಲ್ಲ, ಜೀವ ಮಾತ್ರ ಇದೆ" ಎಂದ ಮೀನಿನಂಗಡಿಯವನು.

ಚೆನ್ನಾಗಿದ್ದಾಗ ಅದರ ನೆತ್ತಿಯ ತುಂಬ ನೂಲಿನಂಥ ಎಳೆಗಳು ಹೊರಬಂದು ಓಲಾಡುತ್ತವಂತೆ. ತುತ್ತೂರಿ ಅದಕ್ಕೆ ಛತ್ರಿ ಎನ್ನುತ್ತಾಳೆ. ಈಗ ಛತ್ರಿ ಮುಚ್ಚಿ ಮುದುಡಿ, ಮೈಮೇಲೆ ಮೇಣದಂಥ ಪೊರೆ ಕಟ್ಟಿಕೊಂಡು ಕೂತಿದೆ. ಅದರ ಬುಡದ ಸುತ್ತ ಮಾತ್ರ ಹಸಿರು ಹಸಿರಾಗಿ, ಥೇಟು ಅಂಗಿಯ ಗುಂಡಿಗಳ ಹಾಗೆ ದುಂಡಗಿನ ಜೀವಿಗಳು ಒತ್ತೊತ್ತಾಗಿ ಬೆಳೆದಿವೆ. ಮುಟ್ಟಿದರೆ ಬಾಯಿ ಮುಚ್ಚುತ್ತವೆ. ನೋಡಲು ಚೆಂದ. ಆದರೆ ನನಗೆ ಮೊದಲ ನೋಟಕ್ಕೇ ಸರಿಬರಲಿಲ್ಲ. ಛತ್ರಿಯ ಕಾಂಡಕ್ಕೆ ಆತುಕೊಂಡು ಮೇಲೆ ಹತ್ತುತ್ತಿವೆ, ಬೇಡದ ನೆಂಟರ ಹಾಗೆ.

"ನನ್ನನ್ನ ನೋಡ್ಕೊಳ್ಳೋದು ಇರ್ಲಿ ಅಕ್ಕ, ನನ್ನ ಛತ್ರಿ ನೋಡ್ಕೋ. ನಾನು ಹೇಗೋ ಬದುಕ್ತೀನಿ" ಎಂದಳು ತುತ್ತೂರಿ.

ತಮಾಷೆಗೆ ಹೇಳಿದ್ದು. ಆದರೆ ನನಗೆ ಒಂಥರಾ ಸಮಾಧಾನವಾಯಿತು. ಅವಳ ಎದೆಯೊಳಗೆ ಕೈ ಹಾಕಿ ನಾನು ಏನನ್ನೂ ಸರಿಮಾಡಲಾರೆ. ತೊಟ್ಟಿಯೊಳಗೆ ಹಾಕಬಹುದಲ್ಲ.

ನವೆಂಬರ್ ೭, ಶುಕ್ರವಾರ

ಮೀನಿನಂಗಡಿಗೆ ಹೋಗಿದ್ದೆ. ಅಂಗಡಿ ಎಂದರೆ ಗಾಜಿನ ತೊಟ್ಟಿಗಳ ನಡುವಿನ ಒಂದು ಓಣಿ, ಎಲ್ಲ ಕಡೆಯಿಂದಲೂ ಗುಳುಗುಳು ಸದ್ದು. ಛತ್ರಿ ಇನ್ನೂ ಅರಳಿಲ್ಲ, ಗುಂಡಿಗಳು ಮಾತ್ರ ಸೊಕ್ಕುತ್ತಿವೆ, ಉಜ್ಜಿ ತೆಗೆಯಲೇ ಎಂದು ಕೇಳಿದೆ. ಆತ ಕೈಯಲ್ಲಿದ್ದ ಬಲೆ ಕೆಳಗಿಟ್ಟ.

"ಬೇಡಮ್ಮ. ಛತ್ರಿ ಪೊರೆ ಬಿಡ್ತಾ ಇದೆ, ಹಾವು ಬಿಡೋ ಹಾಗೆ. ಬಿಟ್ಟ ಮೇಲೆ ತಾನೇ ಅರಳುತ್ತೆ. ಸುಮ್ನೆ ಕಾಯಿರಿ."

"ಗುಂಡಿಗಳು?"

"ಅವುಗಳ ತಂಟೆಗೇ ಹೋಗ್ಬೇಡಿ. ಅದರಲ್ಲಿ ವಿಷ ಇದೆ. ಹೊರಗೆ ತೆಗ್ದು ಉಜ್ಜೋದು, ಬಿಸಿ ಮುಟ್ಟಿಸೋದು ಮಾಡ್ಲೇಬೇಡಿ. ಅದರ ಆವಿ ಮೂಗಿಗೆ ಹೋದ್ರೆ ಆಸ್ಪತ್ರೆನೇ. ತೆಗೀಲೇಬೇಕು ಅಂದ್ರೆ ನನ್ನನ್ನ ಕರೀರಿ. ಕೈಗವಸು, ಮಾಸ್ಕು, ಎಲ್ಲ ಇದೆ ನನ್ನ ಹತ್ರ."

ಆ ಕೊನೆಯ ಮಾತಿಗೆ ನನಗೆ ಒಳಗೊಳಗೇ ನಗು. "ಈ ಕೋಟಿನ ಲೈನಿಂಗಿಗೆ ಮನೆಯಲ್ಲಿ ಇಸ್ತ್ರಿ ಮುಟ್ಟಿಸ್ಬೇಡಿ, ಸುಟ್ಟೇ ಹೋಗುತ್ತೆ, ನನ್ನ ಹತ್ರಾನೇ ತನ್ನಿ" ಎಂದು ಜೀವಮಾನವಿಡೀ ಗಿರಾಕಿಗಳಿಗೆ ಹೇಳಿಕೊಂಡು ಬಂದವಳು ನಾನು. ಸುಟ್ಟು ಹೋಗುವುದೇನಿಲ್ಲ. ಆದರೆ ಗಿರಾಕಿ ಮರಳಿ ಬರುತ್ತಾನೆ. ಅವನಿಗೂ ಹೊಟ್ಟೆಪಾಡು ಇದೆಯಲ್ಲ, ಪಾಪ. "ಆಗಲಪ್ಪ, ಕರೀತೀನಿ" ಎಂದು ಬಂದೆ.

ಬಂದು ತುತ್ತೂರಿಗೆ ಹೇಳಿದರೆ ಅವಳೂ ಅದೇ ರಾಗ. "ನನಗೂ ಹೇಳಿದ್ದ ಅಕ್ಕ. ಅವಕ್ಕೆ ಕೈ ಹಚ್ಚಬೇಡ ಸುಮ್ನೆ."

"ನೀನು ಮಾತು ಕಮ್ಮಿ ಮಾಡು, ಉಸಿರು ಉಳಿಸ್ಕೋ" ಎಂದೆ.

ನವೆಂಬರ್ ೮, ಶನಿವಾರ

ತುತ್ತೂರಿ ಮಾತ್ರೆ ನುಂಗಿ ಮಧ್ಯಾಹ್ನ ಮಲಗಿದಾಗ ಕಲ್ಲನ್ನು ಒಂದು ಟಬ್ಬಿಗೆ ತೆಗೆದುಕೊಂಡು ಅಡುಗೆಮನೆಗೆ ಒಯ್ದೆ. ಛತ್ರಿಗೆ ಒದ್ದೆ ಬಟ್ಟೆ ಹೊದಿಸಿದೆ, ಹಸುಗೂಸಿಗೆ ಹೊದಿಸಿದ ಹಾಗೆ. ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಒಂದು ಮಗ್ಗುಲು ಉಜ್ಜಿದೆ. ಗುಂಡಿಗಳು ಸುಲಭಕ್ಕೆ ಬಿಡುವ ಜಾತಿಯಲ್ಲ. ಬ್ರಷ್ಷು ಜಾರಿ ಲೋಳೆ ನೀರು ಮುಖಕ್ಕೆ, ತುಟಿಗೆಲ್ಲ ಚಿಮ್ಮಿತು. ಸೆರಗಿನಲ್ಲಿ ಒರೆಸಿಕೊಂಡೆ. ಅಂಗೈಯಷ್ಟು ಜಾಗ ಸ್ವಚ್ಛವಾಯಿತು.

ಮತ್ತೆ ನೀರಿಗೆ ಬಿಟ್ಟು, ಬಾಕಿ ಇದ್ದ ಫ್ರಾಕಿನ ಅಂಚು ಮುಗಿಸಿದೆ. ಇಷ್ಟೇ ಕೆಲಸಕ್ಕೆ ಕೈಗವಸಂತೆ, ಮಾಸ್ಕಂತೆ!

ನವೆಂಬರ್ ೯, ಭಾನುವಾರ

ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡ ರುಚಿ. ಕಚ್ಚಿಕೊಂಡೇ ಬದುಕಿದವಳು ನಾನು, ಇವತ್ತು ಯಾಕೋ ಸೂಜಿಯಿಲ್ಲದೆಯೂ ಹಾಗೇ. ಟೀ ಕಹಿ. ಹಾಲಿನವನಿಗೆ ಬೈದೆ. ಟೀಪುಡಿ ಬದಲಾಯಿಸಿದೆ. ಮತ್ತೂ ಕಹಿ.

ನವೆಂಬರ್ ೧೧, ಮಂಗಳವಾರ

ದಾರ ಪೋಣಿಸುವ ಮುಂಚೆ ತುದಿಯನ್ನು ನಾಲಿಗೆಗೆ ತಾಗಿಸಿ ಮೊನೆ ಮಾಡುವುದು ನನ್ನ ಅಭ್ಯಾಸ. ಇವತ್ತು ದಾರ ನಾಲಿಗೆಗೆ ತಾಗಿದೆಯೋ ಇಲ್ಲವೋ ಗೊತ್ತೇ ಆಗಲಿಲ್ಲ. ತುಟಿ ಜೋಮು ಹಿಡಿದ ಹಾಗಿದೆ. ವಯಸ್ಸು ಎನ್ನುವುದು ಕಾಲಿನಿಂದ ಶುರುವಾಗುತ್ತದೆ ಎಂದುಕೊಂಡಿದ್ದೆ, ನನಗೆ ಬಾಯಿಂದ ಶುರುವಾದಂತಿದೆ. ಕೇಳಿದರೆ ತುತ್ತೂರಿಗೆ ಹಬ್ಬ.

ಅವಳು ಚೇತರಿಸುತ್ತಿದ್ದಾಳೆ. ಬೆಳಗ್ಗೆ ಕಿಟಕಿಯ ಹತ್ತಿರ ನಿಂತು, ಕೆಳಗೆ ಕಾರು ಒರೆಸುತ್ತಿದ್ದ ಡ್ರೈವರಿಗೆ ಕೂಗಿ ಹೇಳಿದಳು: "ಪ್ರಯಾಣಿಕರ ಗಮನಕ್ಕೆ. ಎರಡು ಬೇರೆ ಬೇರೆ ಚಪ್ಪಲಿ ಹಾಕಿಕೊಂಡು ಬಂದಿರುವ ಚಾಲಕರು ಕೂಡಲೇ ತಮ್ಮ ಮನೆಗೆ ಹಿಂದಿರುಗಬೇಕಾಗಿ ವಿನಂತಿ." ಕೆಮ್ಮು ಒಂದೂ ಬರಲಿಲ್ಲ. ಬೀದಿಯಲ್ಲಿದ್ದವರೆಲ್ಲ ತಲೆಯೆತ್ತಿ ನಕ್ಕರು.

ನಾನು ಕಿಟಕಿ ಮುಚ್ಚಿದೆ. ಹೊರಗೆ ಥಂಡಿ.

ನವೆಂಬರ್ ೧೪, ಶುಕ್ರವಾರ

ಉಜ್ಜಿದ ಜಾಗದಲ್ಲಿ ಮತ್ತೆ ಹಸಿರು ಮೊಳೆತಿದೆ. ಬೇರು ಕಲ್ಲಿನಲ್ಲೇ ಉಳಿದಿರಬೇಕು. ಛತ್ರಿ ಇನ್ನಷ್ಟು ಮುದುಡಿ ಒಂದು ಕಡೆಗೆ ವಾಲಿದೆ. ಬೆಳಗ್ಗೆ ಹಾಸಿಗೆಯಿಂದಲೇ ಅದನ್ನು ನೋಡಿ ತುತ್ತೂರಿ ಗೋಡೆಯ ಕಡೆಗೆ ಮಗ್ಗುಲು ಬದಲಿಸಿದಳು.

ಮಧ್ಯಾಹ್ನ ಒಂದು ಹಳೆಯ ಕೋಟು ರಿಪೇರಿಗೆ ಬಂತು. ಕಾಲರಿನೊಳಗಿನ ಕ್ಯಾನ್ವಾಸು ಸುಕ್ಕುಗಟ್ಟಿ ಅಂಟಿಕೊಂಡಿತ್ತು. ಅದನ್ನು ಕಿತ್ತರೆ ಬಟ್ಟೆ ಹರಿಯುತ್ತದೆ. ಸ್ಟೀಮ್ ಇಸ್ತ್ರಿಯನ್ನು ಒಂದಿಷ್ಟು ಮೇಲೆ ಹಿಡಿದು ಹಬೆ ಕುಡಿಸಬೇಕು, ಗೋಂದು ಮೆತ್ತಗಾದ ಮೇಲೆ ತುದಿ ಎತ್ತಿ ಎಳೆದರೆ ಚರ್ಮ ಸುಲಿದ ಹಾಗೆ ಪೂರ್ತಿಯಾಗಿ ಬರುತ್ತದೆ. ಎಳೆಯುತ್ತಿದ್ದವಳು ಹಾಗೇ ತೊಟ್ಟಿಯ ಕಡೆ ನೋಡಿದೆ.

ಇಷ್ಟು ದಿನ ಹೊಳೆಯಲಿಲ್ಲವಲ್ಲ!

ನವೆಂಬರ್ ೧೫, ಶನಿವಾರ

ಡ್ರೈವರನ ಹೆಂಡತಿ ತುತ್ತೂರಿಯನ್ನು ಬಿಸಿಲಿಗೆಂದು ಮೇಲಿನ ತಾರಸಿಗೆ ಕರೆದುಕೊಂಡು ಹೋಗಿದ್ದಳು. ಅಷ್ಟರಲ್ಲಿ ಕೆಲಸ ಮುಗಿಸಿದೆ. ಕಲ್ಲನ್ನು ಇಸ್ತ್ರಿ ಮೇಜಿನ ಮೇಲೆ ಇಟ್ಟು, ಛತ್ರಿಗೆ ಒದ್ದೆ ಬಟ್ಟೆ ಸುತ್ತಿ, ಗುಂಡಿಗಳ ಮೇಲೆ ಹಬೆ ಬಿಟ್ಟೆ. ಮೊದಲು ಬಾಯಿ ಮುಚ್ಚಿದವು, ಆಮೇಲೆ ಬಣ್ಣ ತಿರುಗಿದವು. ಕತ್ತರಿಯ ತುದಿ ಹಾಕಿ ಎತ್ತಿದರೆ ಲೈನಿಂಗ್ ಬಿಟ್ಟ ಹಾಗೆ ಒಂದು ಪಟ್ಟಿಯೇ ಎದ್ದು ಬಂತು. ಕೆಳಗೆ ಬರೀ ಕಲ್ಲು! ನನ್ನ ಕೈಗೆ ನಾನೇ ಮುತ್ತು ಕೊಡಬೇಕು.

ಕೋಣೆ ತುಂಬ ಸಮುದ್ರದಂಡೆಯ ವಾಸನೆ. ಕಣ್ಣು ಉರಿಯಿತು, ಮೂಗು ಸೋರಿತು. ಕಿಟಕಿ ಅರ್ಧ ತೆರೆದಿಟ್ಟಿದ್ದೆ. ತುತ್ತೂರಿ ಕೆಳಗಿಳಿದು ಬರುವಷ್ಟರಲ್ಲಿ ಮುಚ್ಚಿಬಿಟ್ಟೆ.

"ಏನಕ್ಕ ವಾಸನೆ?"

"ನಿನ್ನ ಸಮುದ್ರದ್ದೇ."

ನವೆಂಬರ್ ೧೬, ಭಾನುವಾರ

ಇಬ್ಬರಿಗೂ ಚಳಿಜ್ವರ. ಮೈಯೆಲ್ಲ ಯಾರೋ ಕಟ್ಟಿಗೆಯಿಂದ ಹೊಡೆದ ಹಾಗೆ. ತಾರಸಿಗೆ ಕರೆದೊಯ್ದ ಡ್ರೈವರನ ಹೆಂಡತಿಯ ಮೇಲೆ ನನಗೆ ಸಿಟ್ಟು. ಥಂಡಿ ಹತ್ತಿಸಿಕೊಟ್ಟಳು.

ನವೆಂಬರ್ ೧೮, ಮಂಗಳವಾರ

ನನ್ನ ಜ್ವರ ಇಳಿಯಿತು. ಕಾಲಿನ ಮೀನಖಂಡದ ನೋವು ಹೋಗಿಲ್ಲ. ತುತ್ತೂರಿಗೆ ಕೆಮ್ಮು ಮರಳಿದೆ. ಇವತ್ತು ಸೂಪು ಕೊಟ್ಟಾಗ "ಪ್ರಯಾಣಿಕರ..." ಎಂದು ಶುರುಮಾಡಿ, ಕೈ ಬೀಸಿ, ಉಳಿದದ್ದನ್ನು ನನಗೇ ಬಿಟ್ಟಳು. ನಾನೇ ಮುಗಿಸಿದೆ. "ಸೂಪು ತಡವಾಗಿ ಬಂದಿದೆ, ಅನಾನುಕೂಲಕ್ಕೆ ವಿಷಾದಿಸುತ್ತೇವೆ." ನಕ್ಕಳು. ನಗುವಿನ ಹಿಂದೆಯೇ ಎದೆಯಲ್ಲಿ ಸುಯ್ ಎನ್ನುವ ಸದ್ದು.

"ಕಿಟಕಿ ತೆಗಿ ಅಕ್ಕ."

"ಥಂಡಿ."

"ಒಳ್ಳೆ ಗಾಳಿ ಅಂದ್ರೆ ಹೊರಗಿನ ಗಾಳಿ ಕಣೇ."

ಮಕ್ಕಳು ಔಷಧಿ ಬೇಡ ಎನ್ನುವುದಿಲ್ಲವೇ, ಹಾಗೆ. ಉಳಿದ ತುಂಡುಬಟ್ಟೆಗಳನ್ನು ಸೇರಿಸಿ ಉದ್ದಕ್ಕೆ ಒಂದು ಚೀಲ ಹೊಲಿದು, ಹತ್ತಿ ತುಂಬಿ, ಬಟ್ಟೆಯ ಹಾವು ಮಾಡಿದೆ. ಎರಡು ಮಾಡಿದೆ. ಒಂದು ಕಿಟಕಿಯ ಸಂದಿಗೆ, ಒಂದು ಬಾಗಿಲ ಕೆಳಗಿನ ಸಂದಿಗೆ. ಈಗ ಒಂದು ಎಳೆ ಗಾಳಿಯೂ ನುಸುಳುವುದಿಲ್ಲ. ಹಾವಿಗೆ ಕಣ್ಣಾಗಿ ಕೆಂಪು ಗುಂಡಿ ಹಚ್ಚಿದೆ, ಅವಳು ನಗಲಿ ಎಂದು.

ಬಸವನಹುಳುಗಳೆಲ್ಲ ಗಾಜು ಬಿಟ್ಟು ತೊಟ್ಟಿಯ ತಳಕ್ಕೆ ಬಿದ್ದಿವೆ. ಅವಕ್ಕೂ ವಯಸ್ಸಾಗಿರಬೇಕು.

ನವೆಂಬರ್ ೨೦, ಗುರುವಾರ

ಹಬೆ ಕುಡಿಸಿದ ಕಡೆ ಒಂದು ಗುಂಡಿಯೂ ಮೊಳೆತಿಲ್ಲ. ಆ ಕಡೆಗೆ ಛತ್ರಿಯ ಪೊರೆ ಸ್ವಲ್ಪ ಸುಲಿದು ತೇಲುತ್ತಿದೆ, ಅದರಡಿಯಲ್ಲಿ ಹೊಸ ಮೈ ಕಾಣುತ್ತಿದೆ. ಕೆಲಸ ಮಾಡಿದ್ದು ಯಾವುದು? ಕಾಯುವುದೋ, ಕೈಯೋ?

ಮಧ್ಯಾಹ್ನ ಅವಳು ಮಾತ್ರೆಯ ನಿದ್ದೆಯಲ್ಲಿದ್ದಾಗ ಇನ್ನೊಂದು ಮಗ್ಗುಲು ಮಾಡಿದೆ. ಈ ಸಲ ದೊಡ್ಡ ಪಟ್ಟಿ. ಇಸ್ತ್ರಿಗೆ ಎರಡು ಸಲ ನೀರು ತುಂಬಿಸಬೇಕಾಯಿತು. ಕಿಟಕಿ ತೆಗೆದರೆ ಅವಳ ಮೇಲೆಯೇ ಗಾಳಿ ಬೀಸುತ್ತದೆ, ಹಾವುಗಳನ್ನು ತೆಗೆಯಲಿಲ್ಲ. ಗಾಜಿನ ಮೇಲೆ, ಕನ್ನಡಿಯ ಮೇಲೆ ಹಬೆ ಕೂತು ಕೋಣೆಯೆಲ್ಲ ಮಂಜು ಮಂಜು. ಅವಳ ಮಂಚವೂ ಮಂಜಿನಲ್ಲಿ. ಮಲಗಿದ್ದವಳು ಒಮ್ಮೆ ಮುಖ ಹಿಂಡಿ, ಬಾಯಿ ಚಪ್ಪರಿಸಿದಳು. ಕನಸಿನಲ್ಲಿ ಏನೋ ಕಹಿ ತಿಂದವಳ ಹಾಗೆ.

ನನಗೂ ಎದೆ ಬಿಗಿಯುತ್ತಿದೆ. ಬಗ್ಗಿ ನಿಂತು ಕೆಲಸ ಮಾಡಿದ್ದಕ್ಕೆ.

ನವೆಂಬರ್ ೨೧, ಶುಕ್ರವಾರ

ಆಸ್ಪತ್ರೆಯಲ್ಲಿದ್ದಾಳೆ.

ನಿನ್ನೆ ಸಂಜೆಯೇ ತುಟಿ ನೀಲಿಗೆ ತಿರುಗಿತು. ಉಸಿರು ಒಳಗೆ ಹೋಗುತ್ತಿತ್ತು, ಹೊರಗೆ ಬರುತ್ತಿರಲಿಲ್ಲ. ಮಾತು ಬರದೆ, ಮಂಚದ ಕಟ್ಟಿಗೆಯನ್ನು ಕೈಯಿಂದ ತಟ್ಟಿ ನನ್ನನ್ನು ಕರೆದಳು. ಮೂರು ಬೀದಿಗೆ ಕೇಳುತ್ತಿದ್ದವಳು ಕಟ್ಟಿಗೆ ತಟ್ಟಿದಳು. ನಾನು ಕೂಗಿದ್ದಕ್ಕೆ ಡ್ರೈವರ್ ಓಡಿಬಂದ. ಅವಳನ್ನು ಹೆಗಲಿಗೆ ಹಾಕಿಕೊಂಡು ಇಳಿಯುವಾಗ "ಏನಕ್ಕ ಇದು, ನಿಮ್ಮನೇಲಿ ಗಂಟಲೇ ಕಟ್ಕೊಳ್ಳುತ್ತೆ" ಎಂದು ಅವನೂ ಕೆಮ್ಮಿದ.

ಇವತ್ತು ಡಾಕ್ಟರಮ್ಮ ನನ್ನನ್ನು ಕೂರಿಸಿಕೊಂಡು ಕೇಳಿದರು. ಮುಖ ಗಂಟಿಕ್ಕಿಕೊಂಡಿತ್ತು.

"ಮನೇಲಿ ಹೊಗೆ ಏನಾದ್ರೂ?"

"ಇಲ್ಲ ಡಾಕ್ಟ್ರೇ."

"ಗೋಡೇಲಿ ಬೂಷ್ಟು? ನಾಯಿ, ಬೆಕ್ಕು, ಹಕ್ಕಿ?"

"ಒಂದೂ ಇಲ್ಲ. ಮೀನು ಸಹ ಇಲ್ಲ."

"ಏನಾದ್ರೂ ಕೆಮಿಕಲ್ ಬಳಸ್ತೀರಾ? ಕೆಲಸ ಏನು ನಿಮ್ಮದು?"

"ಬಟ್ಟೆ, ದಾರ, ಇಸ್ತ್ರಿ. ಅಷ್ಟೇ. ನನ್ನ ಮನೆ ತುಂಬ ಶುಚಿ ಡಾಕ್ಟ್ರೇ, ಬೇಕಾದ್ರೆ ಬಂದು ನೋಡಿ."

ಅವರು ನನ್ನ ಕೈ ನೋಡಿದರು. ನಡುಗುತ್ತಿತ್ತು. "ನಿಮಗೂ ಹುಷಾರಿಲ್ವಲ್ಲ" ಎಂದರು. ತಂಗಿ ಹೀಗೆ ಮಲಗಿರುವಾಗ ಯಾರ ಕೈ ನಡುಗುವುದಿಲ್ಲ ಎಂದೆ.

ನವೆಂಬರ್ ೨೨, ಶನಿವಾರ

ಮೂಗಿಗೆ ನಳಿಗೆ. ಕಣ್ಣು ಬಿಟ್ಟು ನೋಡಿದಳು. ಬೆರಳಿನಿಂದ ನನ್ನ ಅಂಗೈ ಮೇಲೆ ಛತ್ರಿಯ ಚಿತ್ರ ಬರೆದು ಹುಬ್ಬು ಹಾರಿಸಿದಳು. ಹೇಗಿದೆ ಎಂದು.

"ನೀನು ಬರೋವಷ್ಟರಲ್ಲಿ ಅರಳಿಸಿರ್ತೀನಿ" ಎಂದೆ. ಮಾತು ಕೊಟ್ಟೆ.

ದಾರಿಯಲ್ಲಿ ಮೀನಿನಂಗಡಿಯವನು ಅಡ್ಡ ಸಿಕ್ಕಿ "ಗುಂಡಿಗಳಿಗೆ ಕೈ ಹಾಕ್ಲಿಲ್ಲ ತಾನೇ?" ಎಂದ. "ಇಲ್ಲಪ್ಪ, ಇದ್ದ ಹಾಗೇ ಇವೆ" ಎಂದುಬಿಟ್ಟೆ. ಅವನ ಕೆಲಸ ನಾನು ಕಸಿದುಕೊಂಡೆ ಎಂದು ಅವನಿಗೇಕೆ ಬೇಜಾರು.

ನವೆಂಬರ್ ೨೫, ಮಂಗಳವಾರ

ಪ್ರೀತಿಯ ತುತ್ತೂರಿ,

ನೋಡು, ನೀನು ಅಲ್ಲಿ, ನಾನು ಇಲ್ಲಿ. ಪೆನ್ನು ಮತ್ತೆ ಕಾಗದದ ದಾರಿ ಹಿಡಿಯಿತು. ಇದನ್ನು ಕಳಿಸುವುದಿಲ್ಲ, ಬಂದ ಮೇಲೆ ಬಾಯಲ್ಲೇ ಹೇಳುತ್ತೇನೆ.

ನಿನ್ನ ಛತ್ರಿ ಅರಳಿದೆ ಕಣೇ! ಬೆಳಗ್ಗೆ ಎದ್ದು ನೋಡುತ್ತೇನೆ, ಪೊರೆಯೆಲ್ಲ ಕಳಚಿ ಬಿದ್ದು, ನೆತ್ತಿಯ ತುಂಬ ನೂಲು ನೂಲಾಗಿ ಎಳೆಗಳು ಎದ್ದಿವೆ. ಹೊಸ ಟವೆಲನ್ನು ಮೊದಲ ಸಲ ಒಗೆದಾಗ ಉಬ್ಬುತ್ತದಲ್ಲ, ಹಾಗೆ. ನೀರು ಹೇಗೆ ಹೋದರೆ ಹಾಗೆ ಬಾಗುತ್ತವೆ. ಅಷ್ಟು ದಿನ ನೀನು ಅದರ ಮುಂದೆ ಮಲಗಿ ಏನು ನೋಡುತ್ತಿದ್ದೆ ಎಂದು ಇವತ್ತು ಗೊತ್ತಾಯಿತು. ನೋಡುತ್ತಾ ಕೂತವಳು ಹಾಲು ಉಕ್ಕಿಸಿಬಿಟ್ಟೆ.

ನಿನಗೂ ಉಸಿರು ಸಲೀಸಾಗಿದೆ. ಛತ್ರಿ ಅರಳಿತು, ನೀನು ಎದ್ದು ಕೂತೆ. ನನಗೆ ಇನ್ನೇನು ಬೇಕು?

ಡಾಕ್ಟರಮ್ಮ ಏನು ಹೇಳಿದರು ಗೊತ್ತಾ? "ಔಷಧಿ ಅದೇ ಕೊಟ್ಟಿದ್ದು. ಇಲ್ಲಿಗೆ ಬಂದ ಕೂಡಲೇ ಚೇತರಿಸ್ಕೊಂಡ್ರು ಅಂದ್ರೆ ಮನೆಯಲ್ಲೇ ಏನೋ ಇದೆ. ಕಳಿಸೋಕೆ ಮುಂಚೆ ಮನೆ ಪೂರ್ತಿ ಕ್ಲೀನ್ ಮಾಡಿಸಿ. ಇನ್ನೊಂದು ಸಲ ಹೀಗಾದ್ರೆ ನನ್ನ ಕೈಲಿ ಏನೂ ಇರಲ್ಲ." ಸರಿಯಾಗಿಯೇ ಹೇಳಿದರು. ಮನೆಯಲ್ಲಿ ಏನೋ ಇದೆ. ಅದು ಏನು ಎಂದು ಇಡೀ ದಿನ ಯೋಚಿಸಿ, ಸಂಜೆ ಪತ್ತೆ ಹಚ್ಚಿದೆ. ತೊಟ್ಟಿಯ ಹಿಂಭಾಗಕ್ಕೆ ಬೆಳಕು ಹಿಡಿದು ನೋಡಿದರೆ, ಕಲ್ಲಿನ ಬೆನ್ನ ತುಂಬ ಗುಂಡಿಗಳು! ನಾನು ತೆಗೆದದ್ದು ಕಾಲುಭಾಗವೂ ಅಲ್ಲ. ಅವುಗಳಲ್ಲಿ ವಿಷ ಇದೆ ಎಂದಿದ್ದನಲ್ಲ ಅಂಗಡಿಯವನು. ವ್ಯಾಪಾರದ ಮಾತಿನಲ್ಲೂ ಒಂದೆಳೆ ನಿಜ ಇರಬಹುದು. ನಿನ್ನ ಮಂಚದ ಪಕ್ಕದಲ್ಲೇ ವಿಷದ ಗಿಡ ಬೆಳೆಸಿಕೊಂಡು ಕೂತಿದ್ದೆವು.

ಒಂದನ್ನೂ ಉಳಿಸುವುದಿಲ್ಲ.

ನವೆಂಬರ್ ೨೭, ಗುರುವಾರ

ಗೋಡೆ ತೊಳೆದೆ, ನೆಲ ತೊಳೆದೆ, ಪರದೆ ಒಗೆದೆ. ಮೆಟ್ಟಿಲ ಅರ್ಧದಲ್ಲಿ ಕೂತು ದಣಿವಾರಿಸಿಕೊಳ್ಳಬೇಕಾಗುತ್ತಿದೆ. ಅಕ್ಷರ ಸೊಟ್ಟ ಬರುತ್ತಿದೆ, ಹೊಲಿಗೆಯೂ ಸೊಟ್ಟ. ಫ್ರಾಕಿನ ಗಿರಾಕಿ ಮುಖ ಸಿಂಡರಿಸಿ ಹೋದಳು. ಹೋಗಲಿ.

ಮಧ್ಯಾಹ್ನ ಡ್ರೈವರ್ ತನ್ನ ಫೋನು ಹಿಡಿದು ಓಡಿಬಂದ. "ಅಕ್ಕಾ, ಕೇಳಿ ಕೇಳಿ!" ಕಿವಿಗೆ ಇಟ್ಟುಕೊಂಡೆ. ಅದೇ ದನಿ! ಮೈಕಿನ ದನಿ, ತುಂಬಿದ ದನಿ, ನಡುವೆ ಎಲ್ಲೂ ತಡೆಯದ ದನಿ.

"ಪ್ರಯಾಣಿಕರ ಗಮನಕ್ಕೆ. ಆಸ್ಪತ್ರೆಯಿಂದ ಹೊರಡುವ ತಂಗಿ, ನಾಳೆ ಬೆಳಗ್ಗೆ ಹನ್ನೊಂದಕ್ಕೆ ಅಕ್ಕನ ಮನೆ ತಲುಪಲಿದ್ದಾಳೆ. ಸೂಪಿಗೆ ಉಪ್ಪು ಹಾಕತಕ್ಕದ್ದು. ಕಿಟಕಿಗಳನ್ನು ತೆರೆದಿಡತಕ್ಕದ್ದು. ಮತ್ತೊಮ್ಮೆ ಗಮನಿಸಿ, ಕಿಟಕಿಗಳನ್ನು ತೆರೆದಿಡತಕ್ಕದ್ದು."

ಫೋನಿನ ಸುತ್ತ ನರ್ಸುಗಳು ನಗುವುದೂ ಕೇಳಿಸಿತು. ನಾನು ನಕ್ಕು ನಕ್ಕು ಅತ್ತುಬಿಟ್ಟೆ. "ಏನಕ್ಕ, ಬಸ್ಸು ಬಂದಿದ್ದಕ್ಕೂ ಅಳ್ತೀರಾ!" ಎಂದ ಡ್ರೈವರ್.

ನವೆಂಬರ್ ೨೮, ಶುಕ್ರವಾರ, ಬೆಳಗ್ಗೆ

ಡ್ರೈವರ್ ಅವಳನ್ನು ಕರೆತರಲು ಹೊರಟ. ಕಾರು ತಿರುವಿನಲ್ಲಿ ಮರೆಯಾಗುವುದನ್ನು ನೋಡಿ ಕಿಟಕಿ ಮುಚ್ಚಿದೆ. ಹಾವುಗಳನ್ನು ಸಂದಿಗೆ ಒತ್ತಿಟ್ಟೆ. ಅವಳು ಬಂದು ಬೈಯಲಿ, ಬೈಗುಳಕ್ಕೂ ಉಸಿರು ಬೇಕಲ್ಲ. ಬೈಯುವಷ್ಟು ಉಸಿರು ಬಂದಿದೆ ಎಂದು ಖುಷಿಪಡುತ್ತೇನೆ. ಹೊರಗೆ ಮಂಜು ಬೀಳುತ್ತಿದೆ.

ಸೂಪಿಗೆ ಉಪ್ಪು ಹಾಕಿದ್ದೇನೆ. ಹಾಕಿದೆನೋ ಎಂದು ರುಚಿ ನೋಡಿದರೆ ನಾಲಿಗೆಗೆ ತಿಳಿಯಲಿಲ್ಲ, ಇನ್ನೊಂದಿಷ್ಟು ಹಾಕಿದೆ.

ಛತ್ರಿಯನ್ನು ಕಾಂಡದ ಬುಡಕ್ಕೆ ನಾಜೂಕಾಗಿ ಬಿಡಿಸಿ ಬೇರೆ ಬೋಗುಣಿಗೆ ಇಟ್ಟಾಯಿತು, ಅರಳಿದ್ದು ಮುದುಡಲಿಲ್ಲ. ಕಲ್ಲು ಇಸ್ತ್ರಿ ಮೇಜಿನ ಮೇಲಿದೆ, ಬೆನ್ನು ಮೇಲೆ ಮಾಡಿ. ಹಸಿರು ಗುಂಡಿಗಳು ಒಂದು ಕೋಟಿನ ಮೈಗೆ ಆಗುವಷ್ಟು. ಒಂದೇ ಗುಕ್ಕಿಗೆ ಮುಗಿಸಬೇಕು. ಆಮೇಲೆ ಅದೇ ಬಿಸಿಯಲ್ಲಿ ಅವಳ ದಿಂಬಿನ ಕವರು, ಹೊದಿಕೆ, ಮಂಚದ ಹಾಸು. ಎಲ್ಲಕ್ಕೂ ಹಬೆ ಹಿಡಿಸಿಬಿಟ್ಟರೆ ಬಂದವಳು ಬೆಚ್ಚನೆಯ ಹಾಸಿಗೆಯಲ್ಲಿ ಮುಖ ಹುದುಗಿಸಿ, ಎದೆ ತುಂಬ ಉಸಿರೆಳೆದುಕೊಂಡು ಮಲಗಬಹುದು.

ಅವಳು ಬರುವಷ್ಟರಲ್ಲಿ ಮುಗಿದಿರುತ್ತದೆ. ಇಸ್ತ್ರಿಗೆ ತುಂಬ ನೀರು ಹಾಕಿದ್ದೇನೆ.

ಕೆಂಪು ದೀಪ ಆರಿತು. ಕಾದಿದೆ.